ಒಂದು ಹಲ್ಲು ಹಿಂದೆ

ಎಂಜಿನ್ ನಿಂತದ್ದು ಸದ್ದಿಲ್ಲದೆ. ಕೆಮ್ಮಲಿಲ್ಲ, ಮುಗ್ಗರಿಸಲಿಲ್ಲ, ಹೊಗೆ ಉಗುಳಲಿಲ್ಲ. ಓಡುತ್ತಿದ್ದದ್ದು ದೀಪ ಆರಿಸಿದ ಹಾಗೆ ನಿಂತುಹೋಯಿತು. ಮತ್ತೆ ಸ್ಟಾರ್ಟರ್ ಒತ್ತಿದಾಗ ಅದು ಎಂದಿಗಿಂತ ಹಗುರಾಗಿ, ಗಿರ್ರೆಂದು ತಿರುಗಿತು. ಹಳೆಯ ಎಂಜಿನ್‌ಗಳ ಒಡನಾಟ ಇರುವವರಿಗೆ ಆ ಹಗುರ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಸಿಲಿಂಡರ್‌ಗಳಲ್ಲಿ ಗಾಳಿ ಒತ್ತಿಕೊಳ್ಳುತ್ತಿಲ್ಲ ಎಂದು ಅದರ ಅರ್ಥ. ಸಿಲಿಂಡರ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ತಮ್ಮನಿಗೆ ಸ್ಟಾರ್ಟರ್ ಒತ್ತಲು ಹೇಳಿ, ಒಳಗಿನ ರೋಟರ್ ಕಡೆ ಕಣ್ಣಿಟ್ಟು ನಿಂತೆ. ಮುಂದೆ ಕ್ರ್ಯಾಂಕ್ ಪುಲ್ಲಿ, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡದ ತುದಿಯ ಗಾಲಿ, ತಿರುಗುತ್ತಿತ್ತು, ರೋಟರ್ ಕದಲಲಿಲ್ಲ. ರೋಟರನ್ನು ತಿರುಗಿಸುವುದು ಕ್ಯಾಮ್‌ಶಾಫ್ಟ್, ತನ್ನ ಉಬ್ಬುಗಳಿಂದ ಕವಾಟಗಳನ್ನು ತೆರೆಯುವ ದಂಡ. ಅದನ್ನು ತಿರುಗಿಸುವ ಗೇರ್ ತನ್ನ ಹಲ್ಲು ಉದುರಿಸಿಕೊಂಡಿತ್ತು.

ಕಾರು ಅರವತ್ತರ ದಶಕದ ವಿನ್ಯಾಸದ್ದು. ಆರು ಸಿಲಿಂಡರ್ ಸಾಲಾಗಿ ನಿಂತ, ಉದ್ದ ಸರಳುಗಳ ಮೂಲಕ ಕವಾಟ ತೆರೆಯುವ ಪುಶ್‌ರಾಡ್ ಎಂಜಿನ್. ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೇ ಮಲಗಿರುತ್ತದೆ. ಅದನ್ನು ತಿರುಗಿಸಲು ಚೈನ್ ಇಲ್ಲ, ಬೆಲ್ಟ್ ಇಲ್ಲ. ಕ್ರ್ಯಾಂಕ್‌ನ ತುದಿಯಲ್ಲಿರುವ ಸಣ್ಣ ಉಕ್ಕಿನ ಗೇರ್ ನೇರವಾಗಿ ಕ್ಯಾಮ್‌ನ ದೊಡ್ಡ ಗೇರ್‌ಗೆ ಹಲ್ಲು ಕೊಟ್ಟು ತಿರುಗಿಸುತ್ತದೆ. ಫೋರ್ಡ್‌ನ 300 ಘನ ಅಂಗುಲದ ಎಂಜಿನ್, ಶೆವ್ರೊಲೆಯ 250 ಘನ ಅಂಗುಲದ ಎಂಜಿನ್ ಎರಡರಲ್ಲೂ ಇದೇ ಏರ್ಪಾಡು. ಗೇರ್‌ಗೆ ಗೇರ್ ಕೂಡಿದಾಗ ಎರಡೂ ವಿರುದ್ಧ ದಿಕ್ಕಿಗೆ ತಿರುಗುತ್ತವೆ: ಮುಂದಿನಿಂದ ನೋಡಿದರೆ ಕ್ರ್ಯಾಂಕ್ ಗಡಿಯಾರದ ಮುಳ್ಳಿನ ದಿಕ್ಕಿಗೆ, ಕ್ಯಾಮ್ ಅದಕ್ಕೆ ಎದುರಾಗಿ. ನನ್ನ ಎಂಜಿನ್‌ನಲ್ಲಿ ದೊಡ್ಡ ಗೇರ್ ಫೈಬರ್‌ನದ್ದು, ಅಂದರೆ ಹತ್ತಿಬಟ್ಟೆಯ ಪದರಗಳನ್ನು ಫಿನಾಲಿಕ್ ರಾಳದಲ್ಲಿ ಅದ್ದಿ ಒತ್ತಿ ಮಾಡಿದ್ದು, ನಡುವೆ ಲೋಹದ ಗುಂಬ. ಉಕ್ಕಿಗೆ ಉಕ್ಕು ತಾಗಿದರೆ ಎಂಜಿನ್ ಸದಾ ಸಿಳ್ಳೆ ಹಾಕುತ್ತಿರುತ್ತದೆ. ಫೈಬರ್ ಅದನ್ನು ಹೀರಿಕೊಳ್ಳುತ್ತದೆ. ದಶಕಗಳ ಬಿಸಿಗೆ ಅದು ಗಡುಸಾಗಿ, ಬಿರುಕುಬಿಟ್ಟು, ಒಂದು ದಿನ ಎಲ್ಲ ಹಲ್ಲನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ.

ಮುಂಭಾಗದ ಮುಚ್ಚಳ ತೆಗೆದಾಗ ಕಂಡದ್ದು ನಿರೀಕ್ಷಿಸಿದ್ದೇ. ಕಂದು ಬಣ್ಣದ ಚೂರುಗಳು ಆಯಿಲ್ ಪ್ಯಾನ್ ತುಂಬ ಹರಡಿದ್ದವು, ಪಂಪಿನ ಜಾಲರಿಗೆ ಮೆತ್ತಿಕೊಂಡಿದ್ದವು. ಗೇರ್‌ಗಳ ಮೇಲೆ ಆಯಿಲ್ ಚಿಮ್ಮಿಸಲು ಬ್ಲಾಕಿನ ಮುಖದಲ್ಲಿ ಒಂದು ಸಣ್ಣ ನಳಿಕೆ ಇರುತ್ತದೆ. ಅದರ ಬಾಯಲ್ಲೂ ಒಂದು ಚೂರು ಕುಳಿತಿತ್ತು. ನಳಿಕೆ ಕಟ್ಟಿದ್ದರಿಂದ ಗೇರ್ ಸತ್ತಿತೋ, ಗೇರ್ ಸತ್ತದ್ದರಿಂದ ನಳಿಕೆ ಕಟ್ಟಿತೋ ಎಂದು ತಲೆ ಕೆಡಿಸಿಕೊಳ್ಳದೆ, ತೆಳು ತಂತಿ ತೂರಿಸಿ ಬಿಡಿಸಿದೆ. ಪಿಸ್ಟನ್‌ಗಳು ಕವಾಟಗಳಿಗೆ ಬಡಿದಿರಲಿಲ್ಲ. ಕಡಿಮೆ ಕಂಪ್ರೆಷನ್‌ನ ಹಳೆಯ ವಿನ್ಯಾಸಗಳಲ್ಲಿ ಇಂಥ ಕ್ಷಮೆ ಹಲವು ಸಲ ಸಿಗುತ್ತದೆ, ನನಗೂ ಸಿಕ್ಕಿತು.

ಕ್ಯಾಮ್ ಹೊರಗೆ ಬಂದ ಮೇಲೆ ಒಂದೊಂದೇ ಉಬ್ಬನ್ನು ಒರೆಸಿ ನೋಡಿದರೆ, ಎರಡರ ಮೂಗು ಬೆರಳಿಗೆ ತಿಳಿಯುವಷ್ಟು ಸವೆದಿತ್ತು. ಗೇರ್ ಮಾತ್ರ ಬದಲಿಸುವ ಯೋಚನೆ ಅಲ್ಲೇ ಬಿದ್ದುಹೋಯಿತು. ಮೂಲದ ಅಳತೆಯದೇ ಹೊಸ ಕ್ಯಾಮ್, ಉಬ್ಬಿಗೂ ಪುಶ್‌ರಾಡ್‌ಗೂ ನಡುವೆ ಕೂರುವ ಹನ್ನೆರಡು ಹೊಸ ಟ್ಯಾಪೆಟ್, ಹೊಸ ಫೈಬರ್ ಗೇರ್ ತರಿಸಿದೆ. ಚಪ್ಪಟೆ ತಳದ ಟ್ಯಾಪೆಟ್‌ಗಳು ತಾವು ಸವೆದ ಉಬ್ಬಿನ ಜೊತೆ ಸಂಸಾರ ಹೂಡಿರುತ್ತವೆ. ಹಳೆಯವನ್ನು ಹೊಸ ಕ್ಯಾಮ್ ಮೇಲೆ ಇಟ್ಟರೆ ಎರಡೂ ಹಾಳು. ಬಿಚ್ಚುವ ಮೊದಲು ನಾನು ಮಾಡಿದ್ದ ಒಂದು ಸಣ್ಣ ಕೆಲಸವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಡಿಸ್ಟ್ರಿಬ್ಯೂಟರ್‌ನ ಬುಡ ಮತ್ತು ಬ್ಲಾಕು ಸೇರುವಲ್ಲಿ, ಎರಡರ ಮೇಲೂ ಹಾಯುವಂತೆ ಮೊಳೆಯಿಂದ ಒಂದು ಗೀರು ಎಳೆದಿದ್ದೆ. ಎಂಜಿನ್ ಚೆನ್ನಾಗಿ ಓಡುತ್ತಿದ್ದ ದಿನಗಳ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಎಲ್ಲಿತ್ತು ಎಂಬುದಕ್ಕೆ ಅದು ಗುರುತು.

ಮೊದಲ ಎಡವಟ್ಟು ಪ್ರೆಸ್‌ನ ಹತ್ತಿರವೇ ಆಯಿತು. ಇಂಥ ಎಂಜಿನ್‌ಗಳಲ್ಲಿ ಗೇರ್ ಕ್ಯಾಮ್‌ನ ಮೂತಿಯ ಮೇಲೆ ಬಿಗಿಯಾಗಿ ಒತ್ತಿ ಕೂರಿಸುವಂಥದ್ದು, ಬೋಲ್ಟ್ ಇಲ್ಲ. ಕ್ರಮ ಹೀಗಿದೆ: ಮೊದಲು ಒಂದು ಸ್ಪೇಸರ್ ಉಂಗುರ, ಅದರ ಸುತ್ತ ಥ್ರಸ್ಟ್ ಪ್ಲೇಟ್, ತೋಡಿನಲ್ಲಿ ಗೇರ್ ಜಾರದಂತೆ ಹಿಡಿಯುವ ವುಡ್ರಫ್ ಕೀ, ಕೊನೆಗೆ ಗೇರ್. ಉಂಗುರವು ಪ್ಲೇಟ್‌ಗಿಂತ ಕೂದಲೆಳೆಯಷ್ಟು ದಪ್ಪ. ಗೇರ್ ಉಂಗುರಕ್ಕೆ ತಾಗಿ ನಿಂತಾಗ ಪ್ಲೇಟ್‌ಗೆ ಉಸಿರಾಡಲು ಉಳಿಯುವ ಜಾಗವೇ ಕ್ಯಾಮ್‌ನ ಹಿಂದುಮುಂದಿನ ಓಲಾಟ. ಹಲ್ಲುಗಳು ಓರೆಯಾಗಿರುವುದರಿಂದ ತಿರುಗುವಾಗ ಅವು ಕ್ಯಾಮ್ ಅನ್ನು ಒಂದು ಬದಿಗೆ ತಳ್ಳುತ್ತಲೇ ಇರುತ್ತವೆ. ಆ ತಳ್ಳುವಿಕೆಯನ್ನು ಹೊರುವುದೇ ಪ್ಲೇಟ್‌ನ ಕೆಲಸ. ಓಲಾಟ 0.03ರಿಂದ 0.13 ಮಿಲಿಮೀಟರ್ ಒಳಗಿರಬೇಕು ಎಂದು ನನ್ನ ಎಂಜಿನ್‌ನ ಕೈಪಿಡಿ ಹೇಳುತ್ತದೆ. ನಾನು ಒತ್ತಿ ಕೂರಿಸಿ ಫೀಲರ್ ಗೇಜ್ ತೂರಿಸಿದರೆ 0.30ರ ಪಟ್ಟಿ ಸಲೀಸಾಗಿ ಒಳಗೆ ಹೋಯಿತು.

ಗೇರ್ ಪೂರ್ತಿ ಕೂತಿಲ್ಲ ಎಂದುಕೊಂಡು ಇನ್ನಷ್ಟು ಒತ್ತಿದೆ. ಪ್ರೆಸ್ ನರಳಿತು, ಅಳತೆ ಬದಲಾಗಲಿಲ್ಲ. ಪ್ಲೇಟ್ ಸವೆದಿರಬಹುದೆಂದು ಮೈಕ್ರೋಮೀಟರ್ ಹಿಡಿದೆ, ಅದು ಹೊಸದರಂತೆಯೇ ಇತ್ತು. ಟಾರ್ಚ್ ಹಿಡಿದು ಸಂದಿಯಲ್ಲಿ ಇಣುಕಿದಾಗ ಕಾರಣ ತಿಳಿಯಿತು. ಸ್ಪೇಸರ್ ಉಂಗುರದ ಒಂದು ಅಂಚನ್ನು ಓರೆಯಾಗಿ ಕಡಿದಿರುತ್ತಾರೆ. ಕ್ಯಾಮ್‌ನ ಜರ್ನಲ್, ಅಂದರೆ ಬೇರಿಂಗ್‌ನಲ್ಲಿ ಕೂರುವ ಭಾಗ, ಮೂತಿಗೆ ಸೇರುವ ಮೂಲೆ ಚೂಪಾಗಿರದೆ ದುಂಡಗಿರುತ್ತದೆ. ಆ ದುಂಡಿಗೆ ಎಡೆ ಕೊಡಲೆಂದೇ ಈ ಓರೆ. ನಾನು ಓರೆಯನ್ನು ಮುಂದಕ್ಕೆ, ಚೂಪು ಅಂಚನ್ನು ಹಿಂದಕ್ಕೆ ಇಟ್ಟಿದ್ದೆ. ಉಂಗುರ ಮೂಲೆಯ ದುಂಡಿನ ಮೇಲೆ ಹತ್ತಿ ನಿಂತಿತ್ತು, ಗೇರ್ ಅದಕ್ಕೆ ತಾಗಿ ಅಷ್ಟೇ ದೂರ ನಿಂತಿತ್ತು. ಗೇರ್ ಮತ್ತೆ ಕೀಳಬೇಕಾಯಿತು. ಕೀಳುವಾಗ ಆಧಾರವನ್ನು ಲೋಹದ ಗುಂಬದ ಕೆಳಗೆ ಕೊಡಬೇಕು, ಫೈಬರ್ ಅಂಚಿಗೆ ಕೊಟ್ಟರೆ ಹೊಸ ಗೇರ್ ಅಲ್ಲಿಯೇ ಎರಡಾಗುತ್ತದೆ. ಜೊತೆಗೆ ಪ್ಲೇಟನ್ನು ತಿರುಗಿಸಿ, ಹೊರಬರುವ ಕೀ ಅದಕ್ಕೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಉಂಗುರ ತಿರುವಿಹಾಕಿ ಮತ್ತೆ ಒತ್ತಿದಾಗ 0.08 ಬಂತು. ಅರ್ಧ ದಿನ ಹೋದರೂ, ಕೆಲಸದ ಲಯ ಸಿಕ್ಕಿತು ಎಂಬ ಸಮಾಧಾನ ಬಂತು. ಈ ಸಮಾಧಾನವೇ ಮುಂದೆ ಮುಳುವಾಯಿತು ಎಂದು ಈಗ ಅನ್ನಿಸುತ್ತದೆ.

ಕ್ಯಾಮ್ ಒಳಗೆ ಕಳುಹಿಸುವುದು ತಾಳ್ಮೆಯ ಕೆಲಸ. ಬೇರಿಂಗ್‌ಗಳ ಲೋಹ ತೀರಾ ಮೆದು. ಉಬ್ಬಿನ ಅಂಚು ಒಮ್ಮೆ ತಾಗಿದರೂ ಗೀರು ಬೀಳುತ್ತದೆ. ಉಬ್ಬುಗಳಿಗೆಲ್ಲ ಮಾಲಿಬ್ಡಿನಮ್ ಡೈಸಲ್ಫೈಡ್ ಪೇಸ್ಟ್ ಬಳಿದು, ತಮ್ಮ ಮುಂದಿನಿಂದ ಹಿಡಿದು, ನಾನು ಬದಿಯ ಕಿಂಡಿಯಿಂದ ಬೆರಳು ತೂರಿಸಿ ಆಸರೆ ಕೊಟ್ಟು, ಅಂಗುಲ ಅಂಗುಲವಾಗಿ ಒಳಗೆ ಬಿಟ್ಟೆವು. ಕೊನೆಗೆ ದೊಡ್ಡ ಗೇರ್‌ನ ಹಿಂದಿನ ಅಂಚು ಸಣ್ಣ ಗೇರ್‌ನ ಮುಂದಿನ ಅಂಚಿಗೆ ಬಂದು ನಿಂತಿತು. ಎರಡರ ಮುಖದ ಮೇಲೂ ಒಂದೊಂದು ಚುಕ್ಕಿ ಕೊರೆದಿರುತ್ತಾರೆ. ಚುಕ್ಕಿಗೆ ಚುಕ್ಕಿ ಎದುರಾದರೆ ಟೈಮಿಂಗ್ ಸರಿ. ಮೊದಲ ಸಿಲಿಂಡರ್‌ನ ಪಿಸ್ಟನ್ ತುತ್ತತುದಿಗೆ ಬರುವಂತೆ ಕ್ರ್ಯಾಂಕ್ ಮೊದಲೇ ಹೊಂದಿಸಿದ್ದೆ, ಸಣ್ಣ ಗೇರ್‌ನ ಚುಕ್ಕಿ ಮೇಲ್ಮುಖವಾಗಿತ್ತು. ಕ್ಯಾಮ್ ಕೊಂಚ ಹಿಂದುಮುಂದು ತಿರುಗಿಸಿ, ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಚುಕ್ಕಿಗೆ ಚುಕ್ಕಿ ಎದುರು ನಿಲ್ಲಿಸಿದೆ. ತಮ್ಮನನ್ನೂ ಕರೆದು ತೋರಿಸಿದೆ. ಇಬ್ಬರೂ ತಲೆಯಾಡಿಸಿದೆವು. ಮೆಲ್ಲಗೆ ಒಳಗೆ ತಳ್ಳಿದೆ. ಗೇರ್ ಜಾರಿಕೊಂಡು ಹೋಗಿ, ಪ್ಲೇಟ್ ಬ್ಲಾಕಿಗೆ ತಾಗಿ ನಿಂತಿತು. ಸುತ್ತಿಗೆ ಮುಟ್ಟಲಿಲ್ಲ, ಹೊಡೆದರೆ ಕ್ಯಾಮ್ ಹಿಂದಕ್ಕೆ ಹೋಗಿ ಬ್ಲಾಕಿನ ಹಿಂತುದಿಯ ಮುಚ್ಚಳಬಿಲ್ಲೆಯನ್ನು ಕಿತ್ತುಬಿಡುವುದುಂಟು, ಆಮೇಲೆ ಕ್ಲಚ್ ಮೇಲೆಲ್ಲ ಆಯಿಲ್.

ಥ್ರಸ್ಟ್ ಪ್ಲೇಟ್‌ನ ಎರಡು ಬೋಲ್ಟ್‌ಗಳಿರುವುದು ಗೇರ್‌ನ ಹಿಂದೆ. ಅವನ್ನು ಬಿಗಿಯಲು ಗೇರ್‌ನಲ್ಲಿ ಎರಡು ದೊಡ್ಡ ರಂಧ್ರ ಬಿಟ್ಟಿರುತ್ತಾರೆ. ರಂಧ್ರಗಳು ಬೋಲ್ಟ್‌ಗಳ ನೇರಕ್ಕೆ ಬರುವವರೆಗೆ ಕ್ರ್ಯಾಂಕ್ ತಿರುಗಿಸಿ, ಸಾಕೆಟ್ ತೂರಿಸಿ ಬಿಗಿದೆ. ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್‌ನಲ್ಲಿ ಅಳೆದರೆ 0.12 ಮಿಲಿಮೀಟರ್, 0.10ರಿಂದ 0.15 ಬೇಕಿದ್ದದ್ದು. ಹೊಸ ಸೀಲ್, ಹೊಸ ಗ್ಯಾಸ್ಕೆಟ್, ಮುಚ್ಚಳ, ಪುಲ್ಲಿ, ರೇಡಿಯೇಟರ್. ಎರಡು ಸಂಜೆಗಳಲ್ಲಿ ಎಲ್ಲ ಮುಗಿಯಿತು.

ಕೊನೆಯಲ್ಲಿ ಡಿಸ್ಟ್ರಿಬ್ಯೂಟರ್. ಅದರ ತಳದಲ್ಲೂ ಒಂದು ಗೇರ್ ಇದೆ, ಕ್ಯಾಮ್‌ನಿಂದ ತಿರುಗುತ್ತದೆ, ಅದರ ಹಲ್ಲೂ ಓರೆ. ಇಳಿಸುತ್ತ ಹೋದಂತೆ ರೋಟರ್ ತಾನಾಗಿ ತಿರುಗುತ್ತದೆ. ಇದು ನನಗೆ ಬಾಯಿಪಾಠ. ಎಷ್ಟು ತಿರುಗುತ್ತದೋ ಅಷ್ಟು ಹಿಂದಕ್ಕೆ ಇಟ್ಟುಕೊಂಡು ಇಳಿಸಿದರೆ ಕೂರುವ ಹೊತ್ತಿಗೆ ಬೇಕಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಹಾಗೆಯೇ ಮಾಡಿದೆ. ತಮ್ಮನಿಗೆ ಅದನ್ನು ವಿವರಿಸಿ ಹೇಳಿದ್ದೂ ನೆನಪಿದೆ, ತುಸು ಜಂಬದಿಂದಲೇ.

ಸ್ಟಾರ್ಟ್ ಮಾಡಿದಾಗ ಕಾರ್ಬ್ಯುರೇಟರ್‌ನ ಬಾಯಿಂದ ಫಟ್ ಎಂದು ಬೆಂಕಿ ಉಗುಳಿತು. ಇದಕ್ಕೆ ಗಾಬರಿಯಾಗಲಿಲ್ಲ. ಕ್ಯಾಮ್ ಒಂದು ಸುತ್ತು ತಿರುಗುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುತ್ತದೆ. ಹಾಗಾಗಿ ಮೊದಲ ಪಿಸ್ಟನ್ ತುದಿಗೆ ಬರುವುದು ಎರಡು ಸಲ, ಒಂದು ಸಲ ಕಿಡಿಗೆ, ಇನ್ನೊಂದು ಸಲ ಹೊಗೆ ಹೊರಹಾಕಿ ಹೊಸ ಗಾಳಿ ಎಳೆಯಲು. ನನ್ನ ಎಂಜಿನ್‌ನಲ್ಲಿ ಚುಕ್ಕಿಗಳು ಎದುರಾಗಿರುವಾಗ ಕಿಡಿಗೆ ಕಾದಿರುವುದು ಆರನೆಯ ಸಿಲಿಂಡರ್, ಮೊದಲನೆಯದಲ್ಲ. ನಾನು ರೋಟರನ್ನು ಮೊದಲನೆಯದರ ಕಡೆ ತಿರುಗಿಸಿ ಇಟ್ಟಿದ್ದೆ. ಕವಾಟ ಅರೆತೆರೆದಿರುವಾಗ ಕಿಡಿ ಹಾರಿದರೆ ಬೆಂಕಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಡಿಸ್ಟ್ರಿಬ್ಯೂಟರ್ ಎತ್ತಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಇಳಿಸಿದೆ. ನನ್ನ ಚಿಂತೆ ಬೇರೆಯದೇ ಆಗಿತ್ತು: ಹೊಸ ಕ್ಯಾಮ್ ಇರುವಾಗ ಸುಮ್ಮನೆ ಸ್ಟಾರ್ಟರ್ ತಿರುಗಿಸಿದಷ್ಟೂ ಉಬ್ಬಿನ ಮೇಲಿನ ಪೇಸ್ಟ್ ಒರೆಸಿಹೋಗುತ್ತದೆ, ಆಯಿಲ್ ಇನ್ನೂ ಚಿಮ್ಮುತ್ತಿರುವುದಿಲ್ಲ.

ಈ ಸಲ ಹತ್ತಿಕೊಂಡಿತು. ಕೂಡಲೇ 2000 ಆರ್‌ಪಿಎಂ ಮೇಲಕ್ಕೆ ಏರಿಸಿ ಇಪ್ಪತ್ತು ನಿಮಿಷ ಅಲ್ಲಿಯೇ ಹಿಡಿದೆ. ಚಪ್ಪಟೆ ಟ್ಯಾಪೆಟ್‌ನ ಹೊಸ ಕ್ಯಾಮ್‌ಗೆ ಇದು ನಾಮಕರಣದಂತೆ, ತಪ್ಪಿಸುವಂತಿಲ್ಲ. ಉಬ್ಬಿನ ಮುಖಕ್ಕೆ ಕಣ್ಣಿಗೆ ಕಾಣದಷ್ಟು ಓರೆ, ಟ್ಯಾಪೆಟ್‌ನ ತಳಕ್ಕೆ ಕಣ್ಣಿಗೆ ಕಾಣದಷ್ಟು ಉಬ್ಬು ಕೊಟ್ಟಿರುತ್ತಾರೆ. ಹಾಗಾಗಿ ಟ್ಯಾಪೆಟ್ ಗಿರಗಿರನೆ ತಿರುಗುತ್ತಲೇ ಸವೆತವನ್ನು ಹಂಚಿಕೊಳ್ಳುತ್ತದೆ. ಸತುವಿನ ಅಂಶ ಹೆಚ್ಚಿರುವ ಆಯಿಲ್ ಹಾಕಿದ್ದೂ ಇದಕ್ಕೇ.

ಎಂಜಿನ್ ಬಿಸಿಯಾದ ಮೇಲೆ ಟೈಮಿಂಗ್ ಲೈಟ್ ಹಿಡಿದು, ತುದಿಗೆ 8 ಡಿಗ್ರಿ ಮೊದಲು ಕಿಡಿ ಬರುವಂತೆ ಡಿಸ್ಟ್ರಿಬ್ಯೂಟರ್ ತಿರುಗಿಸಿ ಬಿಗಿದೆ. ಆಗ ಕಣ್ಣು ನನ್ನ ಮೊಳೆಯ ಗೀರಿನ ಮೇಲೆ ಬಿತ್ತು. ಬುಡದ ಗೀರು ಬ್ಲಾಕಿನ ಗೀರಿನಿಂದ ಸುಮಾರು ನಾಲ್ಕು ಮಿಲಿಮೀಟರ್ ಆಚೆ ನಿಂತಿತ್ತು. ಗೀರು ಎಳೆಯುವಾಗ ಕೈ ನಡುಗಿರಬೇಕು, ಇಲ್ಲವೇ ಹಳೆಯ ಗೇರ್ ಸವೆದು ಅಷ್ಟು ಹಿಂದೆ ಬಿದ್ದಿರಬೇಕು ಎಂದುಕೊಂಡೆ. ಎರಡನೆಯ ಕಾರಣ ನನಗೆ ಬಹಳ ಹಿಡಿಸಿತು. ಸಾಕಷ್ಟು ಜಾಣತನದ ಕಾರಣವಾಗಿ ಕಾಣುತ್ತಿತ್ತು.

ಕಾರು ಓಡಿತು. ಆದರೆ ಹೇಗೆ! ಮೂರನೆಯ ಗೇರಿನಲ್ಲಿ ಏರುತ್ತಿದ್ದ ದಿಬ್ಬಕ್ಕೆ ಎರಡನೆಯದು ಬೇಕಾಯಿತು. ಆಕ್ಸಲರೇಟರ್ ಒತ್ತಿದರೆ ಮೊದಲು ಯೋಚಿಸಿ, ಆಮೇಲೆ ಒಪ್ಪಿಕೊಂಡು, ಕೊನೆಗೆ ಮುಂದೆ ಸಾಗುತ್ತಿತ್ತು. ವೇಗ ಏರಿದ ಮೇಲೆ ಮಾತ್ರ ಸ್ವಲ್ಪ ಜೀವ ಬಂದಂತೆ ಇರುತ್ತಿತ್ತು. ಸದ್ದಿನಲ್ಲಿ ದೋಷವಿಲ್ಲ, ಮಿಸ್ ಹೊಡೆಯುತ್ತಿಲ್ಲ, ನಡುಕವಿಲ್ಲ. ಸುಸ್ತು, ಅಷ್ಟೇ.

ನಾನು ಕಾರ್ಬ್ಯುರೇಟರ್‌ನ ಬೆನ್ನು ಹತ್ತಿದೆ. ಒಂದು ವಾರ. ಜೆಟ್ ಬಿಚ್ಚಿ ಊದಿದೆ, ಫ್ಲೋಟ್ ಎತ್ತರ ತಿದ್ದಿದೆ, ಮ್ಯಾನಿಫೋಲ್ಡ್‌ನ ಸಂದಿಗಳಲ್ಲಿ ಗಾಳಿ ಸೋರಿಕೆ ಹುಡುಕಿದೆ. ಏನೂ ಸಿಗದಿದ್ದಾಗ ಇಗ್ನಿಷನ್ ಇನ್ನಷ್ಟು ಮುಂದಕ್ಕೆ ತಂದೆ. 12 ಡಿಗ್ರಿ, 14, 18. ಪ್ರತಿ ಸಲವೂ ತುಸು ಚುರುಕಾಯಿತು, ನನಗೆ ದಾರಿ ಸಿಕ್ಕಿತೆಂಬ ಭ್ರಮೆ ಬಂತು. ಈ ಎಂಜಿನ್‌ಗೆ 12 ಡಿಗ್ರಿ ದಾಟಿದರೆ ದಿಬ್ಬದಲ್ಲಿ ಕಿಣಿಕಿಣಿ ಎಂದು ಬಡಿಯುವ ಚಾಳಿಯಿತ್ತು. ಈಗ 18ಕ್ಕೂ ತುಟಿಪಿಟಿಕ್ಕೆನ್ನಲಿಲ್ಲ. ಸುಖವಾಗಿದೆ ಎಂದು ತಿಳಿದೆ. ಸಿಲಿಂಡರ್‌ನೊಳಗೆ ಒತ್ತಡವೇ ಏರುತ್ತಿಲ್ಲದಿದ್ದರೆ ಬಡಿಯುವುದಾದರೂ ಎಲ್ಲಿಂದ ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲ.

ಕೊನೆಗೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಇಗ್ನಿಷನ್ ಮತ್ತೆ 8ಕ್ಕೆ ತಂದು, ಮ್ಯಾನಿಫೋಲ್ಡ್‌ಗೆ ನಿರ್ವಾತ ಮಾಪಕ ಸಿಕ್ಕಿಸಿದೆ. ಸ್ವಸ್ಥ ಎಂಜಿನ್ ನಿಧಾನವಾಗಿ ಓಡುವಾಗ ಮುಳ್ಳು ಪಾದರಸದ 17ರಿಂದ 21 ಅಂಗುಲದ ನಡುವೆ ನಿಲ್ಲಬೇಕು. ನನ್ನದು 12ರಲ್ಲಿ ನಿಂತಿತು. ನಿಂತಿತು ಎಂಬುದೇ ಮುಖ್ಯ, ಒಂದಿಷ್ಟೂ ಅಲುಗಲಿಲ್ಲ. ಕವಾಟ ಸುಟ್ಟಿದ್ದರೆ ಮುಳ್ಳು ತಾಳಬದ್ಧವಾಗಿ ಬೀಳುತ್ತಿತ್ತು, ಸ್ಪ್ರಿಂಗ್ ಸೋತಿದ್ದರೆ ವೇಗ ಏರಿದಾಗ ನಡುಗುತ್ತಿತ್ತು. ಕಡಿಮೆ, ಆದರೆ ನಿಶ್ಚಲ ಎಂದರೆ ಎಲ್ಲ ಸಿಲಿಂಡರ್‌ಗಳಿಗೂ ಒಂದೇ ಕಾಯಿಲೆ, ಒಂದೇ ಪ್ರಮಾಣದಲ್ಲಿ. ಆಮೇಲೆ ಆರೂ ಪ್ಲಗ್ ತೆಗೆದು ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂಬುದನ್ನು, ಅಳೆದೆ. ಬಿಚ್ಚುವ ಎಷ್ಟೋ ತಿಂಗಳ ಹಿಂದೆ ಬರೆದಿಟ್ಟಿದ್ದ ಅಂಕಿಗಳು 130 ಪಿಎಸ್‌ಐ ಆಸುಪಾಸಿನವು. ಈಗ ಬಂದದ್ದು 100, 98, 101, 100, 99, 100.

ಆ ಸಾಲನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ. ರಿಂಗ್‌ಗಳು ಇಷ್ಟು ಶಿಸ್ತಿನಿಂದ ಸವೆಯುವುದಿಲ್ಲ. ಆರು ಜನ ಒಂದೇ ದಿನ ಒಂದೇ ಡಿಗ್ರಿ ಜ್ವರ ಬರಿಸಿಕೊಂಡ ಹಾಗೆ. ಅನುಮಾನ ಪೂರ್ತಿ ಹೋಗಲೆಂದು ಸಿಲಿಂಡರ್‌ಗಳಿಗೆ ಹೊರಗಿನಿಂದ ಗಾಳಿ ತುಂಬಿ ಸೋರಿಕೆಯನ್ನೂ ಪರೀಕ್ಷಿಸಿದೆ. ಎಲ್ಲೂ ಶೇಕಡ 8 ದಾಟಲಿಲ್ಲ. ಪಾತ್ರೆ ಗಟ್ಟಿಯಾಗಿದೆ, ತುಂಬುವುದು ಮಾತ್ರ ಕಡಿಮೆ. ಗಾಳಿ ಎಳೆಯುವ ಕವಾಟ ಮುಚ್ಚುವುದು ತಡವಾದರೆ, ಮೇಲೇರುವ ಪಿಸ್ಟನ್ ಆಗಷ್ಟೇ ಎಳೆದುಕೊಂಡ ಗಾಳಿಯಲ್ಲಿ ಒಂದಷ್ಟನ್ನು ವಾಪಸ್ಸು ಮ್ಯಾನಿಫೋಲ್ಡ್‌ಗೆ ತಳ್ಳಿಬಿಡುತ್ತದೆ. ವೇಗ ಹೆಚ್ಚಿದಾಗ ಒಳನುಗ್ಗುವ ಗಾಳಿಗೆ ತನ್ನದೇ ರಭಸ ಇರುವುದರಿಂದ ಈ ನಷ್ಟ ಕಡಿಮೆಯಾಗುತ್ತದೆ. ದಿಬ್ಬದ ಸುಸ್ತಿಗೂ ಮೇಲಿನ ವೇಗದ ಚೈತನ್ಯಕ್ಕೂ ಒಂದೇ ಕಾರಣ ಸಿಕ್ಕಂತಾಯಿತು.

ರಾಕರ್ ಮುಚ್ಚಳ ತೆಗೆದು, ಮೊದಲ ಸಿಲಿಂಡರ್‌ನ ಎರಡು ಕವಾಟಗಳನ್ನು ನೋಡುತ್ತ ಕ್ರ್ಯಾಂಕ್ ಮೆಲ್ಲನೆ ತಿರುಗಿಸಿದೆ. ಹೊಗೆಯ ಕವಾಟ ಮುಚ್ಚುತ್ತ, ಗಾಳಿಯ ಕವಾಟ ತೆರೆಯುತ್ತ ಇರುವ ಹೊತ್ತಿನಲ್ಲಿ ಪಿಸ್ಟನ್ ತುದಿಗೆ ಬರುತ್ತದೆ. ಸಾಮಾನ್ಯ ಕ್ಯಾಮ್‌ನಲ್ಲಿ ಆ ಗಳಿಗೆಗೆ ಎರಡೂ ಹೆಚ್ಚುಕಡಿಮೆ ಸಮನಾಗಿ, ಕೊಂಚವೇ ತೆರೆದಿರಬೇಕು. ಪುಲ್ಲಿಯ ಗುರುತು ಸೊನ್ನೆಗೆ ಬಂದಾಗ ನಿಲ್ಲಿಸಿ ನೋಡಿದೆ. ಹೊಗೆಯ ಕವಾಟ ಢಾಳಾಗಿ ತೆರೆದಿತ್ತು. ಗಾಳಿಯ ಕವಾಟದ ಪುಶ್‌ರಾಡ್ ಎರಡು ಬೆರಳಲ್ಲಿ ಸಲೀಸಾಗಿ ಉರುಳುತ್ತಿತ್ತು, ಅಂದರೆ ಕವಾಟ ಇನ್ನೂ ಎದ್ದೇ ಇಲ್ಲ.

ಇಷ್ಟಾದರೂ ಮನಸ್ಸು ಒಂದು ಸಂದಿ ಹುಡುಕಿತು. ಪುಲ್ಲಿಯ ಹೊರ ಉಂಗುರ ರಬ್ಬರ್ ಮೇಲೆ ಕೂತಿರುತ್ತದೆ. ರಬ್ಬರ್ ಹಳತಾದರೆ ಉಂಗುರ ಜಾರಿ, ಅದರ ಮೇಲಿನ ಸೊನ್ನೆ ಗುರುತು ಸುಳ್ಳು ಹೇಳುತ್ತದೆ. ಸುಳ್ಳುಗಾರ ಪುಲ್ಲಿಯೋ ಕ್ಯಾಮೋ ಎಂದು ತೀರ್ಮಾನವಾಗಬೇಕಿತ್ತು. ಪ್ಲಗ್ ರಂಧ್ರಕ್ಕೆ ಒಂದು ತಡೆ ಬೋಲ್ಟ್ ತಿರುಪಿ, ಪಿಸ್ಟನ್ ಅದಕ್ಕೆ ತಾಗುವವರೆಗೆ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಕೈಯಲ್ಲೇ ತಿರುಗಿಸಿ, ಪುಲ್ಲಿಗೆ ಸಿಕ್ಕಿಸಿದ ಡಿಗ್ರಿ ಚಕ್ರದ ಮೇಲೆ ಎರಡು ಅಂಕಿ ಓದಿದೆ. ಅವೆರಡರ ನಟ್ಟನಡುವೆಯೇ ನಿಜವಾದ ತುದಿ. ಪುಲ್ಲಿ ಬರೀ 2 ಡಿಗ್ರಿ ತಪ್ಪಿತ್ತು. ಸುಳ್ಳುಗಾರ ಕ್ಯಾಮೇ.

ಎಷ್ಟು ತಪ್ಪು ಎಂಬುದನ್ನೂ ಬಿಚ್ಚುವ ಮೊದಲೇ ತಿಳಿಯಬಹುದಿತ್ತು. ಗಾಳಿಯ ಕವಾಟದ ಪುಶ್‌ರಾಡ್ ತಲೆಗೆ ಡಯಲ್ ಗೇಜ್ ಮುಟ್ಟಿಸಿ, ಅದು ಅತಿ ಎತ್ತರಕ್ಕೆ ಏರುವ ಜಾಗ ಹುಡುಕಿದೆ. ಶಿಖರದಲ್ಲಿ ಉಬ್ಬು ಚಪ್ಪಟೆಯಾಗಿರುವುದರಿಂದ ಅಲ್ಲಿಯ ಡಿಗ್ರಿಯನ್ನು ನೇರವಾಗಿ ಓದಲು ಹೋದರೆ ಮೋಸ ಹೋಗುತ್ತೇವೆ. ಶಿಖರಕ್ಕಿಂತ 1.27 ಮಿಲಿಮೀಟರ್, ಅಂದರೆ 0.050 ಅಂಗುಲ ಕೆಳಗೆ, ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಓದಿ ಸರಾಸರಿ ತೆಗೆಯಬೇಕು. ತಮ್ಮ ಕ್ರ್ಯಾಂಕ್ ತಿರುಗಿಸಿದ, ನಾನು ಓದಿದೆ: ತುದಿಯ ನಂತರ 86, ಆಮೇಲೆ 160. ಸರಾಸರಿ 123. ಹೊಸ ಕ್ಯಾಮ್ ಜೊತೆ ಬಂದಿದ್ದ ಚೀಟಿಯಲ್ಲಿ 107 ಎಂದು ಮುದ್ರಿಸಿದ್ದರು. 16 ಡಿಗ್ರಿ ತಡ. ದೊಡ್ಡ ಗೇರ್‌ಗೆ 44 ಹಲ್ಲು. ಒಂದು ಹಲ್ಲೆಂದರೆ ಕ್ಯಾಮ್‌ನಲ್ಲಿ 8.2 ಡಿಗ್ರಿ, ಕ್ರ್ಯಾಂಕ್‌ನಲ್ಲಿ ಅದರ ಎರಡರಷ್ಟು, 16.4.

“ಒಂದು ಹಲ್ಲು,” ಎಂದೆ. “ಆದರೆ ಚುಕ್ಕಿಗಳನ್ನು ನಾವಿಬ್ಬರೂ ನೋಡಿದ್ದೆವಲ್ಲ?”

“ತಳ್ಳುವ ಮೊದಲು ನೋಡಿದ್ದೆವು,” ಎಂದ ತಮ್ಮ. “ತಳ್ಳಿದ ಮೇಲೆ ನೋಡಿದೆಯಾ?”

ನೋಡಿರಲಿಲ್ಲ. ತಳ್ಳಿದ ಕೂಡಲೇ ಥ್ರಸ್ಟ್ ಪ್ಲೇಟ್‌ನ ಬೋಲ್ಟ್ ಬಿಗಿಯಲು ಕ್ರ್ಯಾಂಕ್ ತಿರುಗಿಸಿದ್ದೆ. ಚುಕ್ಕಿಗಳು ಎದುರುಬದುರು ಇದ್ದ ಜಾಗ ಬಿಟ್ಟು ಹೋಗಿದ್ದವು. ಮತ್ತೆ ಅವು ಸಂಧಿಸುವವರೆಗೆ ತಿರುಗಿಸಿ ನೋಡಬೇಕೆಂದು ತೋಚಲೇ ಇಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ. ನಾನು ಕಣ್ಣಾರೆ ಕಂಡದ್ದಂತೂ ನಿಜ, ಕಂಡದ್ದು ಗೇರ್ ಇನ್ನೂ ಕೂತಿರದಾಗ.

ಆಗ ಡಿಸ್ಟ್ರಿಬ್ಯೂಟರ್ ನೆನಪಾಯಿತು, ಮುಖಕ್ಕೆ ನೀರು ಎರಚಿದಂತಾಯಿತು. ಓರೆ ಹಲ್ಲಿನ ಗೇರ್ ಕೂರುತ್ತ ಹೋದಂತೆ ತಿರುಗುತ್ತದೆ ಎಂದು ತಮ್ಮನಿಗೆ ಪಾಠ ಹೇಳಿದವನು ನಾನೇ. ಕ್ಯಾಮ್ ಗೇರ್‌ನ ಹಲ್ಲೂ ಓರೆ. ಅದರ ಅಗಲ ಸುಮಾರು 25 ಮಿಲಿಮೀಟರ್. ಹಲ್ಲಿನ ಓರೆ 20 ಡಿಗ್ರಿ ಆಸುಪಾಸು ಇದ್ದರೂ ಅಷ್ಟು ಅಗಲ ಜಾರುವಷ್ಟರಲ್ಲಿ ಅಂಚು 9 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಗೇರ್‌ನ ಸುತ್ತಳತೆಯನ್ನು 44ರಿಂದ ಭಾಗಿಸಿದರೆ ಒಂದು ಹಲ್ಲಿನ ದೂರ 11 ಮಿಲಿಮೀಟರ್‌ಗಿಂತ ಕಡಿಮೆ. ಅಂಚಿಗೆ ಅಂಚು ತಾಗಿದಾಗ ಚುಕ್ಕಿಗಳನ್ನು ಹೊಂದಿಸಿ ತಳ್ಳಿದರೆ, ಪೂರ್ತಿ ಕೂರುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ಹಲ್ಲು ಆಚೆ ಹೋಗಿಯೇ ತೀರುತ್ತದೆ. ತಳ್ಳುವಾಗ ಗೇರ್ ಮೆಲ್ಲನೆ ತಿರುಗಿದ್ದನ್ನು ನನ್ನ ಅಂಗೈ ಗುರುತಿಸಿತ್ತು ಕೂಡ. ಚೆನ್ನಾಗಿ ಜಾರುತ್ತಿದೆ ಎಂದು ಸಂತೋಷಪಟ್ಟಿದ್ದೆ.

ಮತ್ತೆ ರೇಡಿಯೇಟರ್, ಪುಲ್ಲಿ, ಮುಚ್ಚಳ. ಕ್ರ್ಯಾಂಕ್ ತಿರುಗಿಸಿ ಸಣ್ಣ ಗೇರ್‌ನ ಚುಕ್ಕಿಯನ್ನು ಮೇಲಕ್ಕೆ ತಂದರೆ ಲೆಕ್ಕ ಹೇಳಿದ್ದೇ ಕಂಡಿತು. ದೊಡ್ಡ ಗೇರ್‌ನ ಚುಕ್ಕಿ ಒಂದು ಹಲ್ಲು ಹಿಂದೆ, ಎಡಕ್ಕೆ, ಸಾವಧಾನವಾಗಿ ನಿಂತಿತ್ತು.

ಸರಿಪಡಿಸಲು ಕ್ಯಾಮ್ ಅನ್ನು ಗೇರ್‌ನ ಅಗಲದಷ್ಟು ಹೊರಗೆಳೆದರೆ ಸಾಕು. ಹೇಳುವಷ್ಟು ಸುಲಭವಲ್ಲ. ಪುಶ್‌ರಾಡ್‌ಗಳನ್ನು ತೆಗೆದು, ಬದಿಯ ಮುಚ್ಚಳ ಬಿಚ್ಚಿ, ಹನ್ನೆರಡು ಟ್ಯಾಪೆಟ್‌ಗಳನ್ನೂ ಹೊರಗೆ ತೆಗೆಯಬೇಕು. ಇಲ್ಲವಾದರೆ ಕ್ಯಾಮ್ ಸರಿಯುವಾಗ ಅವು ಉಬ್ಬುಗಳಿಗೂ ಜರ್ನಲ್‌ಗಳಿಗೂ ಅಡ್ಡ ಬರುತ್ತವೆ. ಈಗಾಗಲೇ ಓಡಿದ್ದರಿಂದ ಪ್ರತಿ ಟ್ಯಾಪೆಟ್ ತನ್ನದೇ ಉಬ್ಬಿಗೆ ಮರಳಬೇಕು. ರಟ್ಟಿನಲ್ಲಿ ಹನ್ನೆರಡು ತೂತು ಕೊರೆದು ಅಂಕಿ ಬರೆದು ನಿಲ್ಲಿಸಿದೆ. ತಳಗಳೆಲ್ಲ ಒಂದೇ ಸಮನೆ ಮಿರುಗುತ್ತಿದ್ದವು, ಇಷ್ಟೆಲ್ಲ ಪೀಡಿಸಿದರೂ ನಾಮಕರಣ ಕೆಟ್ಟಿರಲಿಲ್ಲ. ಡಿಸ್ಟ್ರಿಬ್ಯೂಟರ್ ಎತ್ತಿದೆ. ಆದರೂ ಕ್ಯಾಮ್ ಜಗ್ಗಲಿಲ್ಲ. ಕಾಲು ಗಂಟೆ ಗುದ್ದಾಡಿದ ಮೇಲೆ ನೆನಪಾಯಿತು, ಇಂಧನ ಪಂಪಿನ ತೋಳು ಕ್ಯಾಮ್‌ಗೆ ಒರಗಿಕೊಂಡಿದೆ. ಪಂಪ್ ಬಿಚ್ಚಿದ ಮೇಲೆ ಸಲೀಸಾಯಿತು.

ಈ ಸಲ ಅಂಚಿಗೆ ಅಂಚು ತಾಗಿದಾಗ ಚುಕ್ಕಿಯನ್ನು ಒಂದು ಹಲ್ಲು ಬಲಕ್ಕಿಟ್ಟೆ. ನೋಡಲು ಪೂರ್ತಿ ತಪ್ಪಾಗಿತ್ತು. ಕೈ ಹಿಂಜರಿಯಿತು. ತಳ್ಳಿದೆ. ಗೇರ್ ಒಳಗೆ ಜಾರಿದಂತೆ ಚುಕ್ಕಿ ಎಡಕ್ಕೆ ಸರಿಯುತ್ತ, ಸರಿಯುತ್ತ, ಪ್ಲೇಟ್ ಬ್ಲಾಕಿಗೆ ತಾಗುವ ಹೊತ್ತಿಗೆ ಕೆಳಗಿನ ಚುಕ್ಕಿಯ ನೇರಕ್ಕೆ ಬಂದು ನಿಂತಿತು. ಇಬ್ಬರೂ ಮಾತಾಡದೆ ನೋಡಿದೆವು. ಬೋಲ್ಟ್‌ಗಳನ್ನು ಬಿಗಿದ ಮೇಲೆ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೊಮ್ಮೆ ನೋಡಿದೆವು. ಮುಚ್ಚಳ ಹಾಕುವ ಮೊದಲು ಮೊದಲ ಸಿಲಿಂಡರ್‌ನ ಟ್ಯಾಪೆಟ್ ಮತ್ತು ಪುಶ್‌ರಾಡ್ ಮಾತ್ರ ಇಳಿಸಿ, ಡಿಗ್ರಿ ಚಕ್ರ ಸಿಕ್ಕಿಸಿ ಓದಿದೆ: 69.5 ಮತ್ತು 143.5. ಸರಾಸರಿ 106.5. ಚೀಟಿಯ 107ಕ್ಕೆ ಅರ್ಧ ಡಿಗ್ರಿ ವ್ಯತ್ಯಾಸ, ಅಷ್ಟು ನನ್ನ ಕಣ್ಣಿನದೇ ಇದ್ದೀತು.

ಕಂಪ್ರೆಷನ್ 131ರಿಂದ 134ರವರೆಗೆ ಬಂತು. ಡಿಸ್ಟ್ರಿಬ್ಯೂಟರ್ ಇಳಿಸುವಾಗ ಆರನೆಯ ಸಿಲಿಂಡರ್‌ನ ವಿಷಯ ಮರೆಯಲಿಲ್ಲ. ಎರಡನೆಯ ತಿರುವಿಗೇ ಎಂಜಿನ್ ಹತ್ತಿಕೊಂಡಿತು. ನಿರ್ವಾತ ಮಾಪಕದ ಮುಳ್ಳು 19ರಲ್ಲಿ ನಿಂತಿತು. ಬಿಸಿಯಾದ ಮೇಲೆ ಟೈಮಿಂಗ್ ಲೈಟ್ ಹಿಡಿದು, 8 ಡಿಗ್ರಿ ಬರುವವರೆಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿ ಬಿಗಿದೆ. ಆಮೇಲೆ ಬಗ್ಗಿ, ಬುಡವನ್ನು ಬಟ್ಟೆಯಿಂದ ಒರೆಸಿದೆ. ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ನಿಂದಲೇ. ಕ್ಯಾಮ್ ಎಷ್ಟು ಹಿಂದೆ ಬಿದ್ದರೆ ಕಿಡಿಯೂ ಅಷ್ಟೇ ಹಿಂದೆ ಬೀಳುತ್ತದೆ, ಅದನ್ನು ಸರಿತೂಗಿಸಲು ಬುಡವನ್ನು 8 ಡಿಗ್ರಿ ಹೊರಳಿಸಬೇಕಾಗುತ್ತದೆ. ಅಷ್ಟು ದಪ್ಪದ ಬುಡದ ಮೇಲೆ ಅದು ಸರಿಸುಮಾರು ನಾಲ್ಕು ಮಿಲಿಮೀಟರ್. ಮೊದಲ ದಿನವೇ ಅಲ್ಲಿ ಬರೆದಿಟ್ಟಂತೆ ಕಾಣುತ್ತಿದ್ದದ್ದು ಇದೇ. ಈಗ ಬುಡದ ಗೀರು ಬ್ಲಾಕಿನ ಗೀರಿಗೆ ಕೂಡಿ ಒಂದೇ ಗೆರೆಯಾಗಿತ್ತು.